ಕೊನೆಯ ಇನ್ನೂರು ಮೀಟರ್: ಗಂಗಾವತಿಯಿಂದ ಬಳ್ಳಾರಿಯವರೆಗೆ ಜಿಯೋಕ್ಯಾಶ್ ಹುಡುಕುವ ಬಗೆ

ಜಿಯೋಕ್ಯಾಶ್ ಎಂದರೆ ಬೇರೆಯವರು ಹುಡುಕಲೆಂದು ಯಾರೋ ಬಚ್ಚಿಟ್ಟ ಡಬ್ಬಿ. ನಕ್ಷೆಯ ಮೇಲಿನ ಗುರುತು ಆ ಡಬ್ಬಿ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದರ ಬಳಿ ಹೋಗಲು ಕಾಲುವೆ ದಾಟಬೇಕೇ, ಗದ್ದೆಯ ಬದುವಿನ ಮೇಲೆ ನಡೆಯಬೇಕೇ, ಬಂಡೆಗಳ ಸಂದಿಯಲ್ಲಿ ಹತ್ತಬೇಕೇ ಎಂಬುದನ್ನು ನಾವೇ ಓದಿಕೊಳ್ಳಬೇಕು. ನಾನು ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹೊಲಗಳನ್ನು ಅಳೆಯುವ ಪರವಾನಗಿ ಭೂಮಾಪಕ. ಬಿಡುವು ಸಿಕ್ಕಾಗ ತಂಗಿ ಕಾರು ಓಡಿಸುತ್ತಾಳೆ, ನಕ್ಷೆ ನನ್ನ ಕೈಯಲ್ಲಿರುತ್ತದೆ, ಇಬ್ಬರೂ ಡಬ್ಬಿ ಹುಡುಕಲು ಹೊರಡುತ್ತೇವೆ. ಊರಿಂದ ಊರಿಗೆ ಹೋಗುವ ದಾರಿಯನ್ನು ಫೋನು ತಾನಾಗಿಯೇ ತೋರಿಸುತ್ತದೆ. ಕಾರು ನಿಲ್ಲಿಸಿದ ಮೇಲಿನ ಇನ್ನೂರು ಮೀಟರ್ ಮಾತ್ರ ಮನೆಯಲ್ಲಿ ಕುಳಿತು ನಕ್ಷೆ ಓದಿಕೊಂಡವರಿಗೆ ದಕ್ಕುತ್ತದೆ. ಈ ಬರಹ ಬಹುಪಾಲು ಆ ಇನ್ನೂರು ಮೀಟರಿನ ಬಗ್ಗೆಯೇ ಇದೆ.

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. 2000ನೇ ಇಸವಿಯ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಒಬ್ಬರು ಒಂದು ಡಬ್ಬಿಯನ್ನು ಇಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದರು. ಅಲ್ಲಿಂದ ಜಿಯೋಕ್ಯಾಶಿಂಗ್ ಜಗತ್ತಿಗೆಲ್ಲ ಹಬ್ಬಿತು. ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಅಥವಾ ಕಾಗದದ ಸುರುಳಿ ಇರುತ್ತದೆ. ಹುಡುಕಿದವರು ಅದರಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ, ಆಮೇಲೆ ಅಂತರಜಾಲದಲ್ಲಿ ದಾಖಲಿಸುತ್ತಾರೆ. ಅಂಗೈ ತುಂಬುವ ಡಬ್ಬಿಯೂ ಇರಬಹುದು, ಬೆರಳಿನ ತುದಿಯಷ್ಟು ಚಿಕ್ಕದೂ ಇರಬಹುದು. ಡಬ್ಬಿಯೇ ಇಲ್ಲದ ಬಗೆಯೂ ಒಂದಿದೆ, ಅದರ ಹೆಸರು ಅರ್ತ್‌ಕ್ಯಾಶ್. ಅಲ್ಲಿ ನೆಲದ, ಬಂಡೆಯ ಕುರಿತ ಪ್ರಶ್ನೆಗಳಿಗೆ ಜಾಗದಲ್ಲೇ ನಿಂತು ಉತ್ತರ ಕಂಡುಕೊಂಡು, ಅದನ್ನು ರೂಪಿಸಿದವರಿಗೆ ಕಳಿಸಬೇಕು.

ಯಾವ ಡಬ್ಬಿ ಎಲ್ಲಿದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ, ಬರೆದರೆ ಆಟ ಕೆಡುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅವು ವಿರಳ. ವಿರಳವಾಗಿರುವುದರಿಂದಲೇ ಪ್ರತಿಯೊಂದಕ್ಕೂ ಸಮಯ ಕೊಟ್ಟು ಸಿದ್ಧತೆ ಮಾಡಬಹುದು.

ನನ್ನ ಮೆಚ್ಚಿನ ದಾರಿ ಹೀಗಿದೆ: ಗಂಗಾವತಿಯಿಂದ ಕಾರಟಗಿ, ಸಿಂಧನೂರು, ಮಸ್ಕಿ. ಅಲ್ಲಿಂದ ಹಿಂತಿರುಗಿ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು, ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ ಸಿರುಗುಪ್ಪ, ಬಳ್ಳಾರಿ. ಮರುದಿನ ಹೆದ್ದಾರಿ 67ರಲ್ಲಿ ಕುಡತಿನಿ, ತೋರಣಗಲ್ಲು, ಹೊಸಪೇಟೆ ದಾಟಿ ಮುನಿರಾಬಾದ್, ಕೊಪ್ಪಳ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳನ್ನು ಇದು ಮುಟ್ಟುತ್ತದೆ. ಭತ್ತದ ಬಯಲು, ಎರೆಭೂಮಿ, ಕಣಶಿಲೆಯ (ಗ್ರಾನೈಟ್) ಗುಡ್ಡ, ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಈ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಪಟ್ಟಿ. ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣದಲ್ಲಿ ಉಚಿತ ಖಾತೆ ತೆರೆದು, ಫೋನಿನಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ ಅದರ ನಕ್ಷೆಯನ್ನು ತೆರೆಯಿರಿ. ದಾರಿಯ ಉದ್ದಕ್ಕೂ ನಕ್ಷೆಯನ್ನು ಎಳೆಯುತ್ತಾ ಹೋಗಿ, ಎರಡೂ ಬದಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಒಳಗೆ ಕಾಣುವ ಗುರುತುಗಳನ್ನೆಲ್ಲ ಗಮನಿಸಿ. ಹಣ ಕೊಟ್ಟು ಸದಸ್ಯರಾದವರಿಗೆ ಒಂದು ದಾರಿಯನ್ನೇ ಕೊಟ್ಟು ಅದರ ಅಕ್ಕಪಕ್ಕದವುಗಳನ್ನು ಹುಡುಕಿಸುವ ಸೌಲಭ್ಯವಿದೆ, ಒಂದೇ ಪಟ್ಟಿಯಲ್ಲಿ ಸಾವಿರದವರೆಗೆ ಇಳಿಸಿಕೊಳ್ಳಲೂಬಹುದು. ಯುರೋಪಿನ ರಸ್ತೆಗಳಿಗೆ ಅದು ಬೇಕು. ನಮ್ಮ ಕಡೆಗೆ ಉಚಿತ ಖಾತೆ ಧಾರಾಳವಾಗಿ ಸಾಕು. ಅಧಿಕೃತ ಆ್ಯಪ್ ಉಚಿತ ಸದಸ್ಯರಿಗೆ ಕೆಲವು ಬಗೆಯ ಡಬ್ಬಿಗಳ ವಿವರ ತೋರಿಸುವುದಿಲ್ಲ, ಅದನ್ನೇ ಬ್ರೌಸರಿನಲ್ಲಿ ತೆರೆದರೆ ಕಾಣಸಿಗುವುದು ಹೆಚ್ಚು. ಆಂಡ್ರಾಯ್ಡ್ ಫೋನಿದ್ದವರು ಸಿ:ಜಿಯೋ ಎಂಬ ಮುಕ್ತ ಆ್ಯಪ್ ಹಾಕಿಕೊಳ್ಳಿ. ಡಬ್ಬಿಯ ಪುಟ, ಸುಳಿವು, ಹಿಂದಿನವರ ದಾಖಲೆಗಳು, ಚಿತ್ರಗಳು ಎಲ್ಲವನ್ನೂ ಫೋನಿನಲ್ಲೇ ಉಳಿಸಿಟ್ಟುಕೊಳ್ಳಲು ಅದು ಬಿಡುತ್ತದೆ.

ಗುರುತು ಕಂಡ ತಕ್ಷಣ ಪಟ್ಟಿಗೆ ಸೇರಿಸಬೇಡಿ, ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಹಿಂದಿನವರ ದಾಖಲೆಗಳಿರುತ್ತವೆ. ಕೊನೆಯ ಬಾರಿ ಯಾರಿಗಾದರೂ ಸಿಕ್ಕಿದ್ದು ಯಾವಾಗ? ಅದಾದ ಮೇಲೆ ‘ಸಿಗಲಿಲ್ಲ’ ಎಂಬ ದಾಖಲೆಗಳು ಸಾಲಾಗಿ ಬಂದಿವೆಯೇ? ಇಟ್ಟವರು ಉತ್ತರ ಕೊಟ್ಟಿದ್ದಾರೆಯೇ? ನಮ್ಮ ಪ್ರದೇಶಕ್ಕೆ ದೂರದಿಂದ ಬಂದು ಹೋಗುವವರೇ ಹೆಚ್ಚು. ಹೀಗೆ ಬಂದವರು ಇಟ್ಟು ಹೋದ ಡಬ್ಬಿಗೆ ದಿಕ್ಕಿಲ್ಲ. ಮಳೆ, ಕುರಿ ಕಾಯುವ ಹುಡುಗರ ಕುತೂಹಲ, ಕಲ್ಲು ಒಡೆಯುವ ಕೆಲಸ, ಯಾವುದರಿಂದ ಬೇಕಾದರೂ ಅದು ಕಾಣೆಯಾಗಿರಬಹುದು. ಐದಾರು ವರ್ಷಗಳಿಂದ ಯಾರೂ ಮುಟ್ಟದ ಡಬ್ಬಿಗಾಗಿ ನಾನು ಹೆದ್ದಾರಿ ಬಿಟ್ಟು ಒಳಗೆ ಹೋಗುವುದಿಲ್ಲ. ಆ ಜಾಗದಲ್ಲಿ ನೋಡುವಂಥದ್ದು ಬೇರೇನಾದರೂ ಇದ್ದರೆ ಮಾತ್ರ ಹೋಗುತ್ತೇನೆ.

ಮೇಲೆ ಎರಡು ಅಂಕಗಳಿರುತ್ತವೆ. ಒಂದು ಹುಡುಕುವ ಕಷ್ಟದ್ದು, ಇನ್ನೊಂದು ನೆಲದ ಕಷ್ಟದ್ದು. ಎರಡೂ 1ರಿಂದ 5ರವರೆಗೆ. ನೆಲದ ಅಂಕ 1 ಇದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು, 5 ಇದ್ದರೆ ಹಗ್ಗವೋ ದೋಣಿಯೋ ಅಂಥ ವಿಶೇಷ ಸಲಕರಣೆ ಬೇಕು. ಕಣಶಿಲೆಯ ಗುಡ್ಡಗಳಲ್ಲಿ 3 ಎಂದಿದ್ದರೂ ಒಂದು ಗಂಟೆಯ ಸಮಯ ಇಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನವಾದರೆ ಬಿಟ್ಟುಬಿಡಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ಕೈಯೂರುವುದೂ ಆಗುವುದಿಲ್ಲ.

ಈಗ ಅಕ್ಷಾಂಶ, ರೇಖಾಂಶ. ಹೆಚ್ಚಿನವರ ದಾರಿ ತಪ್ಪುವುದು ಇಲ್ಲೇ, ಆದ್ದರಿಂದ ಇದನ್ನು ಸಾವಕಾಶವಾಗಿ ನೋಡೋಣ. ಜಿಯೋಕ್ಯಾಶಿನ ಪುಟಗಳು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಸ್ಥಾನ ಕೊಡುತ್ತವೆ. ಲೆಕ್ಕಕ್ಕಾಗಿ ಒಂದು ಬಿಂದು ತೆಗೆದುಕೊಳ್ಳಿ, ಅಲ್ಲಿ ಡಬ್ಬಿ ಇದೆ ಎಂದು ಅರ್ಥವಲ್ಲ: ಉತ್ತರ 15° 21.500′, ಪೂರ್ವ 76° 29.500′. ಆನೆಗುಂದಿಯ ಆಸುಪಾಸಿನ ಬಿಂದು ಅದು. ಇದನ್ನು ದಶಮಾಂಶ ಡಿಗ್ರಿಗೆ ತರಲು ನಿಮಿಷವನ್ನು 60ರಿಂದ ಭಾಗಿಸಬೇಕು. ಆಗ 15.35833 ಮತ್ತು 76.49167 ಬರುತ್ತವೆ. ಭಾಗಿಸದೆ 15.21500, 76.29500 ಎಂದು ಬರೆದುಕೊಂಡರೆ ಬಿಂದು ನೈಋತ್ಯಕ್ಕೆ ಸುಮಾರು 26 ಕಿಲೋಮೀಟರ್ ಸರಿದು ತುಂಗಭದ್ರಾ ಜಲಾಶಯದ ದಿಕ್ಕಿಗೆ ಹೋಗಿಬಿಡುತ್ತದೆ. ಗೂಗಲ್ ಮ್ಯಾಪ್ಸ್‌ನ ಹುಡುಕು ಪಟ್ಟಿಯಲ್ಲಿ ‘15 21.500, 76 29.500’ ಎಂದು ನಡುವೆ ಜಾಗ ಬಿಟ್ಟು ಬರೆದರೆ ಅದೇ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತದೆ, ಭಾಗಾಕಾರದ ಗೊಡವೆಯೇ ಇಲ್ಲ.

ನಿಮಿಷದ ಮೂರನೆಯ ದಶಮಾಂಶ ಸ್ಥಾನ ನಮ್ಮ ಕಡೆ ಉತ್ತರ–ದಕ್ಷಿಣಕ್ಕೆ ಸುಮಾರು 1.84 ಮೀಟರ್, ಪೂರ್ವ–ಪಶ್ಚಿಮಕ್ಕೆ ಸುಮಾರು 1.79 ಮೀಟರ್. ಬರೆದುಕೊಳ್ಳುವಾಗ ಕೊನೆಯ ಅಂಕಿ ಬಿಟ್ಟರೂ ಹದಿನೈದು ಮೀಟರಿನಷ್ಟು ಆಚೀಚೆಯಾಗಬಹುದು. ಬಯಲಿನಲ್ಲಿ ಅದು ಹೆಚ್ಚೇನಲ್ಲ, ಬಂಡೆಗಳ ರಾಶಿಯಲ್ಲಿ ಅದು ಬೇರೆಯೇ ಗುಡ್ಡ.

ಪಟ್ಟಿ ಸಿದ್ಧವಾದ ಮೇಲೆ ಗೂಗಲ್‌ನ ಮೈ ಮ್ಯಾಪ್ಸ್ ತೆರೆದು ಹೊಸ ನಕ್ಷೆ ಮಾಡಿ. ಒಂದು ಪದರದಲ್ಲಿ ದಾರಿ, ಇನ್ನೊಂದರಲ್ಲಿ ಡಬ್ಬಿಗಳು, ಮೂರನೆಯದರಲ್ಲಿ ಊಟ, ಪೆಟ್ರೋಲ್, ತಂಗುವ ಜಾಗ. ಡಬ್ಬಿಗಳನ್ನು ಒಂದೊಂದಾಗಿ ಟೈಪ್ ಮಾಡಬಹುದು, ಇಲ್ಲವೇ ಸಿ:ಜಿಯೋದಲ್ಲಿ ಉಳಿಸಿದ್ದನ್ನು ಜಿಪಿಎಕ್ಸ್ ಕಡತವಾಗಿ (ಸ್ಥಾನಗಳ ಪಟ್ಟಿ ಇರುವ ಕಡತ) ಹೊರತೆಗೆದು ಇಲ್ಲಿಗೆ ತುಂಬಬಹುದು. ನಾನು ಮೂರು ಬಣ್ಣ ಬಳಸುತ್ತೇನೆ. ಹಸಿರು ಎಂದರೆ ರಸ್ತೆಯ ಪಕ್ಕದ್ದು, ಕಾರು ನಿಲ್ಲಿಸಿ ಹತ್ತು ನಿಮಿಷದಲ್ಲಿ ಮುಗಿಯುವುದು. ಹಳದಿ ಎಂದರೆ ನಡೆಯಬೇಕು. ಕೆಂಪು ಎಂದರೆ ಬೆಳಗಿನ ತಂಪಿನಲ್ಲಿ ಮಾತ್ರ. ಬಣ್ಣ ಹಚ್ಚಿದ ಕೂಡಲೇ ದಿನದ ಹೊಂದಾಣಿಕೆ ತಾನಾಗಿ ಕಾಣುತ್ತದೆ. ಕೆಂಪಿನ ಬಳಿ ರಾತ್ರಿ ತಂಗಬೇಕು, ಹಸಿರನ್ನು ಮಧ್ಯಾಹ್ನಕ್ಕೆ ಉಳಿಸಬೇಕು.

ಮೈ ಮ್ಯಾಪ್ಸ್ ಅಂತರಜಾಲವಿಲ್ಲದೆ ತೆರೆಯುವುದಿಲ್ಲ. ಆದ್ದರಿಂದ ಅದರ ಪದರಗಳನ್ನು ಕೆಎಂಎಲ್ ಕಡತವಾಗಿ (ನಕ್ಷೆಯ ಗುರುತುಗಳನ್ನು ಹಿಡಿದಿಡುವ ಕಡತ) ಇಳಿಸಿ, ಅಂತರಜಾಲವಿಲ್ಲದೆಯೂ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಆ್ಯಪಿಗೆ ಸೇರಿಸಿ, ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್ ಉಪಗ್ರಹದಿಂದ ಬರುತ್ತದೆ, ಮೊಬೈಲ್ ಗೋಪುರದಿಂದಲ್ಲ. ಸಿಗ್ನಲ್ ಇಲ್ಲದ ಗುಡ್ಡದ ಹಿಂದೆಯೂ ನಕ್ಷೆ ಫೋನಿನಲ್ಲಿದ್ದರೆ ನೀವಿರುವ ಜಾಗ ತಿಳಿಯುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಕೆಲಸ, ಉಪಗ್ರಹ ಚಿತ್ರವನ್ನು ಓದುವುದು. ಪ್ರತಿ ಡಬ್ಬಿಗೂ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ.

ಗಂಗಾವತಿಯಿಂದ ಸಿಂಧನೂರಿನವರೆಗೆ ಮುಖ್ಯ ಸಂಗತಿ ನೀರು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರಿಂದ ಒಡೆದ ವಿತರಣಾ ಕಾಲುವೆಗಳು, ಅವುಗಳಿಂದ ಒಡೆದ ಹೊಲಗಾಲುವೆಗಳು ಇಡೀ ಬಯಲನ್ನು ಬಲೆಯಂತೆ ಹೆಣೆದಿವೆ. ಡಬ್ಬಿ ರಸ್ತೆಯಿಂದ ಮುನ್ನೂರು ಮೀಟರ್ ದೂರದಲ್ಲಿದೆ ಎಂದು ಆ್ಯಪ್ ತೋರಿಸುತ್ತದೆ. ನಡುವೆ ತುಂಬಿ ಹರಿಯುವ ಕಾಲುವೆ ಇದ್ದು, ಸೇತುವೆ ಎರಡು ಕಿಲೋಮೀಟರ್ ಆಚೆ ಇದ್ದರೆ ಆ ಮುನ್ನೂರು ಮೀಟರಿಗೆ ಬೆಲೆಯಿಲ್ಲ. ಸೇತುವೆಯನ್ನು ಗುರುತಿಸಲು ಸುಲಭದ ಉಪಾಯವೊಂದಿದೆ. ಬಂಡಿದಾರಿ ಎರಡೂ ದಂಡೆಗಳಲ್ಲಿ ಒಂದೇ ಕಡೆಗೆ ಬಂದು ಮುಟ್ಟುತ್ತಿದ್ದರೆ ಅದು ಸೇತುವೆ. ಒಂದೇ ದಂಡೆಗೆ ಬಂದು ನಿಂತರೆ ಅದು ತೂಬು ಅಥವಾ ಗೇಟು. ತೂಬಿನ ಮೇಲಿನ ಕಿರಿದಾದ ಗೋಡೆಯ ಮೇಲೆ ನಡೆದು ದಾಟಲು ಎಂದೂ ಹೋಗಬೇಡಿ. ಕಾಲುವೆಯ ಒಳಮೈ ಪಾಚಿಯಿಂದ ಜಾರುತ್ತದೆ, ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ನೀರು ಎಂದ ಮೇಲೆ ನದಿಯೂ ಬಂತು. ಆನೆಗುಂದಿಯಲ್ಲಿ ನಿಂತು ‘ಹತ್ತಿರದವು’ ಎಂದು ಹುಡುಕಿದರೆ ಆ್ಯಪ್ ಹಂಪಿಯ ದಂಡೆಯವನ್ನೂ ಪಟ್ಟಿ ಮಾಡುತ್ತದೆ, ಏಕೆಂದರೆ ಅದು ಅಳೆಯುವುದು ಹಕ್ಕಿ ಹಾರುವ ದೂರವನ್ನು. ಕಾರಿನಲ್ಲಾದರೆ ಕಡೇಬಾಗಿಲು ಸೇತುವೆಯ ಮೂಲಕ ಸುತ್ತಿ ಬರಬೇಕು. ನಕ್ಷೆಯಲ್ಲಿ ನದಿಯ ಎರಡು ದಂಡೆಗಳನ್ನು ಎರಡು ಬೇರೆ ದಿನಗಳ ಪಟ್ಟಿಯಾಗಿ ಮಾಡಿಕೊಳ್ಳಿ.

ಭತ್ತದ ಗದ್ದೆಗೆ ಬರೋಣ. ಗೂಗಲ್ ನಕ್ಷೆಯಲ್ಲಿರುವ ಉಪಗ್ರಹ ಚಿತ್ರ ಯಾವ ತಿಂಗಳಿನದು ಎಂದು ನೋಡದೆ ನಂಬಬಾರದು. ಏಪ್ರಿಲ್ ಕೊನೆಯ ಚಿತ್ರದಲ್ಲಿ ಒಣಗಿ ಬಿರುಕು ಬಿಟ್ಟ ನೆಲ ಆಗಸ್ಟಿನಲ್ಲಿ ಮೊಣಕಾಲುದ್ದ ಕೆಸರು. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ತೆರೆದರೆ ಹಳೆಯ ವರ್ಷಗಳ, ಬೇರೆ ಬೇರೆ ಋತುಗಳ ಚಿತ್ರಗಳನ್ನು ದಿನಾಂಕದೊಂದಿಗೆ ನೋಡಬಹುದು. ನೀವು ಹೋಗುವ ತಿಂಗಳಿನದೇ ಚಿತ್ರ ಹುಡುಕಿ. ಇಸ್ರೋದ ಭುವನ್ ತಾಣವನ್ನೂ ಜೊತೆಗೆ ತೆರೆದಿಟ್ಟುಕೊಳ್ಳುವುದು ಒಳ್ಳೆಯದು, ಒಂದರಲ್ಲಿ ಮೋಡ ಮುಚ್ಚಿದ್ದರೆ ಇನ್ನೊಂದರಲ್ಲಿ ನೆಲ ಕಾಣಬಹುದು. ಬದು ಎಷ್ಟು ಅಗಲವಿದೆ ನೋಡಿ. ಟ್ರ್ಯಾಕ್ಟರ್ ಹೋಗುವ ಬದುವಿನಲ್ಲಿ ಎರಡು ಗೆರೆಗಳು ಕಾಣುತ್ತವೆ. ನಾಟಿ ಮಾಡಿದ ಗದ್ದೆಯ ಸಣ್ಣ ಬದು ತುಳಿದು ಒಡೆದರೆ ರೈತನ ನೀರು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಒಂದು ಡಬ್ಬಿಗಾಗಿ ಅಂಥ ನಷ್ಟ ಮಾಡಲು ನಮಗೆ ಹಕ್ಕಿಲ್ಲ.

ಯಾರ ಜಮೀನು ಎಂಬುದೂ ತಿಳಿಯಬೇಕು. ನಮ್ಮ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಗ್ರಾಮ, ಹೋಬಳಿ, ಸರ್ವೆ ನಂಬರನ್ನು ತೋರಿಸುತ್ತದೆ. ಜಿಯೋಕ್ಯಾಶ್ ಹುಡುಕುವವರು ಇದನ್ನು ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕರ್ನಾಟಕದಲ್ಲಿ ಇದಕ್ಕಿಂತ ಉಪಯುಕ್ತ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಸಗಿ ಜಮೀನು ಎಂದು ಕಂಡರೆ ಮೊದಲು ಹೊಲದಲ್ಲಿರುವವರನ್ನು ಮಾತನಾಡಿಸಿ. ಬಾಂದುಕಲ್ಲುಗಳ ಬುಡದಲ್ಲಿ ಕೈಯಾಡಿಸಬೇಡಿ. ಅದು ಸರಿದರೆ ಎರಡು ಮನೆಗಳ ನಡುವೆ ವ್ಯಾಜ್ಯ ಹುಟ್ಟುತ್ತದೆ. ಅಂಥ ವ್ಯಾಜ್ಯಗಳ ನಡುವೆಯೇ ನನ್ನ ಕೆಲಸ ನಡೆಯುತ್ತದೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದೇ ಬಯಲಿನ ಇನ್ನೊಂದು ತೊಡಕು ಕ್ಯಾಂಪುಗಳ ಹೆಸರು. ನೀರಾವರಿ ಬಂದ ಮೇಲೆ ನೆಲೆಯಾದ ಈ ಊರುಗಳಲ್ಲಿ ದೇವರ, ನಾಯಕರ ಹೆಸರಿನವು ಬಹಳ, ಒಂದೇ ಹೆಸರು ಹಲವು ಕಡೆ ಬರುತ್ತದೆ. ಹೆಸರು ಹೇಳಿ ದಾರಿ ಕೇಳದೆ, ಬಿಂದುವನ್ನೇ ನಂಬಿ.

ಸಿಂಧನೂರು ದಾಟಿ ಮಸ್ಕಿಗೆ ಬಂದರೆ ನೆಲ ಬದಲಾಗುತ್ತದೆ, ಗುಡ್ಡ ಎದ್ದು ನಿಲ್ಲುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದು ಕರೆದುಕೊಂಡವನು ಅಶೋಕನೇ ಎಂಬುದು ಖಚಿತವಾಯಿತು. ಇಂಥ ಜಾಗದಲ್ಲಿ ಡಬ್ಬಿ ಇಡುವುದೂ ಸಲ್ಲ, ಹುಡುಕುವ ನೆಪದಲ್ಲಿ ಕಲ್ಲು ಎಬ್ಬಿಸುವುದೂ ಸಲ್ಲ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಆ ಕಾನೂನು ಕಟ್ಟಡ ಕಟ್ಟುವುದನ್ನು ಕುರಿತದ್ದು. ಆದರೂ ನಾನು ನಕ್ಷೆಯಲ್ಲಿ ಸ್ಮಾರಕದ ಸುತ್ತ 100 ಮೀಟರಿನ ವೃತ್ತ ಎಳೆದು, ಅದರೊಳಗಿನ ಡಬ್ಬಿಗಳನ್ನು ಪಟ್ಟಿಯಿಂದಲೇ ತೆಗೆದುಬಿಡುತ್ತೇನೆ. ಅರ್ತ್‌ಕ್ಯಾಶ್ ಆದರೆ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಕಣ್ಣು ಸಾಕು.

ಗುಡ್ಡದ ಚಿತ್ರ ಓದುವುದಕ್ಕೆ ನೆರಳು ಮುಖ್ಯ. ಈ ಉಪಗ್ರಹಗಳು ಸಾಮಾನ್ಯವಾಗಿ ಬೆಳಗಿನ ಹತ್ತೂವರೆಯ ಸುಮಾರಿಗೆ ನಮ್ಮ ಮೇಲೆ ಹಾದುಹೋಗುತ್ತವೆ. ಚಳಿಗಾಲದಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಬಂಡೆಯ ವಾಯವ್ಯಕ್ಕೆ ಕಪ್ಪು ಪಟ್ಟಿ ಉದ್ದವಾಗಿದ್ದರೆ ಬಂಡೆ ಎತ್ತರದ್ದು, ಅಥವಾ ಆ ಬದಿ ಕಡಿದಾಗಿದೆ. ಆ ಬದಿಯಿಂದ ಹತ್ತಲು ಯೋಚಿಸಬೇಡಿ. ಬಿಳಿಚಿಕೊಂಡ ಸಣ್ಣ ಗೆರೆಗಳು ಕಾಲುದಾರಿಗಳು. ಅವುಗಳಲ್ಲಿ ಕುರಿಗಳ ಜಾಡು ಕವಲೊಡೆದು ಮಾಯವಾಗುತ್ತದೆ, ಮನುಷ್ಯರ ಜಾಡು ಒಂದು ಕಡೆ ತಲುಪುತ್ತದೆ. ನಮ್ಮ ಗುಡ್ಡಗಳಲ್ಲಿ ಆ ‘ಒಂದು ಕಡೆ’ ಎಂದರೆ ಬಹುಪಾಲು ಆಂಜನೇಯನ ಅಥವಾ ದುರ್ಗಮ್ಮನ ಗುಡಿ. ಗುಡಿಯ ದಾರಿ ಹಿಡಿದು ಮೇಲೆ ಹೋಗಿ, ಅಲ್ಲಿಂದ ಡಬ್ಬಿಯ ಕಡೆಗೆ ಇಳಿಯುವುದು ಅಡ್ಡದಾರಿಯಲ್ಲಿ ಹತ್ತುವುದಕ್ಕಿಂತ ಬೇಗ.

ಏರು ಎಷ್ಟಿದೆ ಎಂದು ತಿಳಿಯಲು ಸಮೋನ್ನತಿ ರೇಖೆಗಳುಳ್ಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳುಳ್ಳ ನಕ್ಷೆ ಬೇಕು. ಓಪನ್‌ಟೋಪೋಮ್ಯಾಪ್ ಬ್ರೌಸರಿನಲ್ಲೇ ತೆರೆಯುತ್ತದೆ. ನನಗೆ ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಮುಕ್ತ ಸರಣಿಯ ಹಾಳೆಗಳ ಮೇಲೆ ಹೆಚ್ಚು ಪ್ರೀತಿ. ಎರಡು ರೇಖೆಗಳ ನಡುವೆ 20 ಮೀಟರ್ ಎತ್ತರ, ಹಳ್ಳ, ಕೆರೆ, ಬಂಡಿದಾರಿ ಎಲ್ಲವೂ ಅಚ್ಚುಕಟ್ಟು. ಈ ಸರಣಿ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂಬ ಅಳತೆಯ ಆಧಾರದ (ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಲು ಭೂಮಿಯ ಆಕಾರಕ್ಕೆ ಒಪ್ಪಿಕೊಂಡ ಮಾದರಿ) ಮೇಲೆಯೇ ಇದೆ, ಆದ್ದರಿಂದ ಬಿಂದು ನೇರವಾಗಿ ಕೂರುತ್ತದೆ. ಮನೆಯಲ್ಲಿ ಎವರೆಸ್ಟ್ ಎಂಬ ಹಳೆಯ ಮಾದರಿಯ ಆಧಾರದ ಹಾಳೆ ಇದ್ದರೆ ಅದರ ಅಂಕಿಗಳನ್ನು ಫೋನಿನ ಅಂಕಿಗಳಿಗೆ ಹೋಲಿಸಬೇಡಿ, ಹೊಂದುವುದಿಲ್ಲ.

ಓದುವುದನ್ನು ಅಭ್ಯಾಸ ಮಾಡಲು ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ, ಜನ ಅವನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ರಸ್ತೆಯಿಂದ ನೇರ ಗೆರೆ ಎಳೆದರೆ ಹತ್ತಿರ, ನಡೆದರೆ ಬಂಡೆಗಳ ನಡುವೆ ಸುತ್ತು. ಚಿತ್ರದಲ್ಲಿ ಮೊದಲು ಕಾಲುದಾರಿಯನ್ನು ಬೆರಳಿನಿಂದ ಗುರುತಿಸಿ, ಆಮೇಲೆ ನಡೆದು ನೋಡಿ. ಕಂಡದ್ದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕಾಲಿಗೆ ತಿಳಿದರೆ ಮುಂದಿನ ಗುಡ್ಡಗಳು ಸುಲಭ.

ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ಇನ್ನೊಂದು ಎಚ್ಚರ. ಅದು ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡಿದ ಜಾಗ. ಕಾಲಡಿಯ ಚೂರು ಕೂಡ ಅವರ ಕೈಯ ಕೆಲಸವಾಗಿರಬಹುದು. ಪಕ್ಕದ ಕುಪ್ಪಗಲ್ಲಿನ ಬಂಡೆಗಳ ಮೇಲೆ ಅವರು ಕೆತ್ತಿದ ಎತ್ತುಗಳಿವೆ, ತಟ್ಟಿದರೆ ನಾದ ಕೊಡುವ ಬಂಡೆಗಳಿವೆ. ಕಲ್ಲುಗಣಿಗಾರಿಕೆ ಈಗಾಗಲೇ ಸಾಕಷ್ಟು ಹಾನಿ ಮಾಡಿದೆ. ಅಲ್ಲಿ ಹುಡುಕುವುದು ಬೇಡ, ಸುಮ್ಮನೆ ನೋಡಿ ಬನ್ನಿ. ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವೂ ಹಾಗೆಯೇ. ಸಾವಿರಾರು ವರ್ಷಗಳ ಹಿಂದೆ ದನದ ಸಗಣಿಯ ರಾಶಿ ಸುಟ್ಟು ಉಳಿದ ಬೂದಿ ಅದು. ಹೆದ್ದಾರಿಯಲ್ಲಿ ಓಡುವ ಎಷ್ಟೋ ಜನರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ. ನಿಮ್ಮ ನಕ್ಷೆಯ ಮೂರನೆಯ ಪದರದಲ್ಲಿ ಇದನ್ನು ಖಂಡಿತ ಸೇರಿಸಿ.

ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ, ರೈಲು ಸೇತುವೆ, ಕಾರ್ಖಾನೆಯ ಬೇಲಿ, ಕಾಲುವೆಯ ಮುಖ್ಯ ಗೇಟು, ಇವುಗಳ ಬಳಿ ಗುರುತು ಕಂಡರೂ ಇಳಿಯಬೇಡಿ. ದರೋಜಿ ಕರಡಿಧಾಮದ ಒಳಗೂ ಬೇಡ. ಕರಡಿ, ಚಿರತೆಗಳು ಧಾಮದ ಗೆರೆ ನೋಡಿಕೊಂಡು ಓಡಾಡುವುದಿಲ್ಲ, ಆನೆಗುಂದಿ ಕಡೆಯ ಗುಡ್ಡಗಳಲ್ಲೂ ಇವೆ. ಸೂರ್ಯ ಮುಳುಗುವ ಮುಂಚೆ ಕಾರಿನಲ್ಲಿರಿ.

ಜನರೊಂದಿಗೆ ಮಾತನಾಡುವ ಬಗ್ಗೆ ಒಂದು ಗಂಭೀರ ವಿಷಯ. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ಯತಿ ವ್ಯಾಸರಾಜರ ಬೃಂದಾವನವನ್ನು (ಸಮಾಧಿಯನ್ನು) ನಿಧಿಯಾಸೆಗೆ ಒಡೆದರು. ಆ ನೋವು ಇಲ್ಲಿನವರಿಗೆ ಇನ್ನೂ ಹಸಿ. ಗುಡ್ಡದ ಸಂದಿಯಲ್ಲಿ ಫೋನು ಹಿಡಿದು ತಡಕಾಡುವವರನ್ನು ಕಂಡರೆ ಅನುಮಾನ ಬರುವುದು ಸಹಜ, ಬರಬೇಕಾದದ್ದೂ ಹೌದು. ಆದ್ದರಿಂದ ಅಡಗಿ ಹುಡುಕಬೇಡಿ. ದನ ಕಾಯುವವರಿಗೆ, ಗುಡಿಯ ಪೂಜಾರಿಗೆ ಮೊದಲೇ ಫೋನಿನ ನಕ್ಷೆ ತೋರಿಸಿ, ‘ಇದೊಂದು ಆಟ, ಸಣ್ಣ ಡಬ್ಬಿ, ಒಳಗೆ ಹೆಸರು ಬರೆಯುವ ಕಾಗದ ಇದೆ, ಅಗೆಯುವುದಿಲ್ಲ’ ಎಂದು ಹೇಳಿ. ಆಟದ ನಿಯಮವೂ ಅದೇ: ಡಬ್ಬಿ ಇಡಲೂ ತೆಗೆಯಲೂ ನೆಲ ಅಗೆಯುವಂತಿಲ್ಲ. ಹೀಗೆ ಹೇಳಿದ ಮೇಲೆ ಎಷ್ಟೋ ಸಲ ಅವರೇ ಜೊತೆಗೆ ಬಂದು ಹತ್ತುವ ದಾರಿ ತೋರಿಸಿದ್ದಾರೆ, ಉಪಗ್ರಹ ಚಿತ್ರದಲ್ಲಿ ಕಾಣದ ದಾರಿಯನ್ನು.

ಜಾಗ ತಲುಪಿದ ಮೇಲೆ ಏನು ಮಾಡಬೇಕು? ಕಾರು ನಿಲ್ಲಿಸಿದ ಬಿಂದುವನ್ನು ಮೊದಲು ಉಳಿಸಿಕೊಳ್ಳಿ, ಬಂಡೆಗಳ ನಡುವೆ ದಿಕ್ಕು ತಪ್ಪುವುದು ಬಲು ಸುಲಭ. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನ ನಿಖರತೆ ಕೊಡುತ್ತದೆ. ಐದು ಮೀಟರ್ ತ್ರಿಜ್ಯದ ವೃತ್ತ ಎಂದರೆ ಮುಕ್ಕಾಲು ಗುಂಟೆಗೂ ತುಸು ಹೆಚ್ಚು ನೆಲ, ವ್ಯಾಸ ನಮ್ಮ 33 ಅಡಿಯ ಸರಪಳಿಯಷ್ಟು. ಇಟ್ಟವರ ಫೋನಿಗೂ ಅಷ್ಟೇ ದೋಷ ಇತ್ತು ಎಂದು ಸೇರಿಸಿಕೊಳ್ಳಿ. ಎತ್ತರದ ಬಂಡೆಗಳ ನಡುವೆ ಸಂಕೇತ ಬಂಡೆಗೆ ಬಡಿದು ತಿರುಗಿ ಬರುವುದರಿಂದ ದೋಷ ಇನ್ನೂ ಬೆಳೆಯುತ್ತದೆ, ಬಾಣ ಗಿರಗಿರನೆ ಸುತ್ತುತ್ತದೆ. ಅದರ ಹಿಂದೆ ಓಡಬೇಡಿ. ಮೂವತ್ತು ಮೀಟರ್ ಹಿಂದೆ, ಆಕಾಶ ತೆರೆದಿರುವ ಕಡೆ ಒಂದು ನಿಮಿಷ ಅಲುಗದೆ ನಿಂತು ದಿಕ್ಕನ್ನೂ ದೂರವನ್ನೂ ನೋಡಿ. ಇನ್ನೊಂದು ಬದಿಗೆ ಹೋಗಿ ಮತ್ತೆ ನೋಡಿ. ಎರಡು ಕಡೆಯ ದಿಕ್ಕುಗಳು ಸಂಧಿಸುವಲ್ಲಿ ಹುಡುಕಿ. ಹೊಲದಲ್ಲಿ ನಾವು ಮಾಡುವ ಛೇದನವೂ ಇದೇ.

ಆಮೇಲೆ ಫೋನು ಕಿಸೆಗೆ ಹಾಕಿ, ಕಣ್ಣು ಬಳಸಿ. ಸಹಜವಲ್ಲದ ಜೋಡಣೆಯನ್ನು ಹುಡುಕಬೇಕು: ಸಂದಿಗೆ ಅಡ್ಡ ಇಟ್ಟ ಚಪ್ಪಟೆ ಕಲ್ಲು, ಬೇರೆ ಬಣ್ಣದ ಕಲ್ಲು, ಒಂದೇ ಅಳತೆಯ ಕಲ್ಲುಗಳ ಸಾಲು. ಪುಟದಲ್ಲಿ ಗೂಢಾಕ್ಷರದ ಸುಳಿವು ಇರುತ್ತದೆ, ಒತ್ತಿದರೆ ತಿಳಿಯಾಗುತ್ತದೆ. ಬಿಸಿಲಿನಲ್ಲಿ ಕಾಲು ಗಂಟೆ ಕಳೆದ ಮೇಲೆ ಅದನ್ನು ನೋಡಲು ಸಂಕೋಚ ಬೇಡ. ಸಂದಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು, ಕೋಲಿನಿಂದ ತಟ್ಟಿ ನೋಡಿ. ಚೇಳು, ಮಂಡಲದ ಹಾವು ಎರಡೂ ಇಂಥ ತಂಪಿನಲ್ಲೇ ಇರುತ್ತವೆ. ಮುಚ್ಚಿದ ಬೂಟು, ದಪ್ಪ ಕೈಗವಸು, ತಲೆಗೆ ಟವೆಲ್, ತಲಾ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಬರೆಯಲು ಪೆನ್ನು ಖಂಡಿತ ಬೇಕು, ಡಬ್ಬಿಯಲ್ಲಿ ಇರುವುದಿಲ್ಲ. ಸಣ್ಣ ಸುರುಳಿ ಎಳೆಯಲು ಚಿಮಟ ಇದ್ದರೆ ಒಳ್ಳೆಯದು.

ಸಿಕ್ಕರೂ ಸಿಗದಿದ್ದರೂ ರಾತ್ರಿ ದಾಖಲಿಸಿ. ‘ಸಿಗಲಿಲ್ಲ’ ಎಂಬ ದಾಖಲೆ ಮುಂದಿನವರ ಅರ್ಧ ದಿನ ಉಳಿಸುತ್ತದೆ. ಬರೆಯುವಾಗ ಡಬ್ಬಿಯ ಜಾಗ ಬಿಟ್ಟುಕೊಡದೆ, ದಾರಿಯ ಸ್ಥಿತಿ ಹೇಳಿ: ಯಾವ ತಿಂಗಳು, ಕಾಲುವೆಯಲ್ಲಿ ನೀರಿತ್ತೇ, ಎಲ್ಲಿ ಕಾರು ನಿಲ್ಲಿಸಿದಿರಿ, ಜಮೀನಿನವರು ಏನೆಂದರು. ಕನ್ನಡದಲ್ಲೇ ಬರೆಯಿರಿ, ತಾಣ ಅದನ್ನು ತಡೆಯುವುದಿಲ್ಲ. ಈ ಆಟ ಇಷ್ಟವಾಗಿ ನೀವೇ ಒಂದನ್ನು ಇಡುವುದಾದರೆ, ಜಮೀನಿನವರ ಒಪ್ಪಿಗೆ ಬೇಕು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕು, ಆಗಾಗ ಹೋಗಿ ನೋಡಿಕೊಳ್ಳುವಷ್ಟು ಹತ್ತಿರ ನೀವಿರಬೇಕು. ನಮ್ಮ ಕಡೆಗೆ ಒಪ್ಪುವುದು ಅರ್ತ್‌ಕ್ಯಾಶ್ ಎಂದು ನನ್ನ ನಂಬಿಕೆ. ಸುಮಾರು 250 ಕೋಟಿ ವರ್ಷ ಹಳೆಯ ಕಣಶಿಲೆ ಬಿಸಿಲು ಮಳೆಗೆ ಪದರ ಪದರವಾಗಿ ಸುಲಿದು ದುಂಡಗಾದ ಬಗೆಯನ್ನು ಆನೆಗುಂದಿ, ಸಾಣಾಪುರದ ದಾರಿಯಲ್ಲಿ ಎಲ್ಲಿ ನಿಂತರೂ ನೋಡಬಹುದು.

ಮನೆಗೆ ಬಂದ ಮೇಲೆ ನಾನು ತಪ್ಪದೆ ಮಾಡುವ ಕೆಲಸ ಇನ್ನೊಂದಿದೆ. ನಮ್ಮ ಕಾಲುವೆಗಳ ಎಷ್ಟೋ ಸಣ್ಣ ಸೇತುವೆಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲ. ಅದು ಎಲ್ಲರೂ ತಿದ್ದಬಹುದಾದ ನಕ್ಷೆ, ಖಾತೆ ಉಚಿತ. ಬ್ರೌಸರಿನಲ್ಲಿ ‘ಎಡಿಟ್’ ಒತ್ತಿ, ಕಾಲುವೆಯನ್ನು ಅಡ್ಡ ಹಾಯುವ ದಾರಿಯ ತುಣುಕನ್ನು ಬೇರ್ಪಡಿಸಿ, ಅದಕ್ಕೆ ಸೇತುವೆ ಎಂಬ ಗುಣವನ್ನೂ ಪದರ ಸಂಖ್ಯೆ 1ನ್ನೂ (ಕಾಲುವೆಗಿಂತ ಮೇಲಿದೆ ಎಂದು ಅರ್ಥ) ಕೊಡಬೇಕು. ಕಾಲ್ನಡಿಗೆಯದೇ, ಟ್ರ್ಯಾಕ್ಟರ್ ಹೋಗುವಂಥದ್ದೇ ಎಂಬುದನ್ನೂ ಸೇರಿಸಿ. ಗೂಗಲ್ ಚಿತ್ರ ನೋಡಿ ನಕಲು ಮಾಡುವಂತಿಲ್ಲ, ತಿದ್ದುವ ಪುಟದಲ್ಲೇ ಕೊಟ್ಟಿರುವ ಉಪಗ್ರಹ ಚಿತ್ರವನ್ನೂ ನೀವು ನಡೆದು ಕಂಡದ್ದನ್ನೂ ಮಾತ್ರ ಬಳಸಿ. ಆರ್ಗ್ಯಾನಿಕ್ ಮ್ಯಾಪ್ಸ್ ತನ್ನ ನಕ್ಷೆಯನ್ನು ಇಲ್ಲಿಂದಲೇ ತೆಗೆದುಕೊಳ್ಳುವುದರಿಂದ, ಮುಂದಿನ ನವೀಕರಣದಲ್ಲಿ ಆ ಸೇತುವೆ ನಿಮ್ಮ ಫೋನಿಗೂ ಬರುತ್ತದೆ, ಆ ಹೊಲಕ್ಕೆ ಗೊಬ್ಬರ ತರುವ ಲಾರಿಯವನ ಫೋನಿಗೂ ಬರುತ್ತದೆ.